ಮಣ್ಣಿಗೆ ಬಂದವರು

ಅರಕಲಗೂಡು
12 ಜೂನ್ 2024

ಚನ್ನಪ್ಪನವರಿಗೆ ನಮಸ್ಕಾರ.

ಕಳೆದ ಭಾನುವಾರ ಹೊಳೆನರಸೀಪುರದ ನಿಮ್ಮ ಮನೆಗೆ ಬಂದು, ಅರ್ಧ ಗಂಟೆ ಗಂಟಲು ಹರಿದುಕೊಂಡು ಹೋದ ಹುಡುಗಿ ನಾನೇ. ನೀವು ನಗುನಗುತ್ತಾ ಕಾಫಿ ಕೊಡಿಸಿದಿರಿ, ನಾನು ಹೇಳಿದ್ದರಲ್ಲಿ ಒಂದಕ್ಷರವೂ ನಿಮ್ಮ ಕಿವಿಗೆ ಬೀಳಲಿಲ್ಲ. ಹೊರಡುವಾಗ ನಿಮ್ಮ ಸೊಸೆ ಮೇಘಶ್ರೀ ಗೇಟಿನವರೆಗೆ ಬಂದು, "ಮಾವಂಗೆ ಕಿವಿ ಪೂರ್ತಿ ಓಗೈತೆ ಕಣ್ರೀ. ಮಿಷನ್ನು ತಂದ್ಕೊಟ್ರೆ ಕಿತ್ತೆಸೀತಾರೆ. ಬರ್ದು ಕಳ್ಸಿ, ಓದೋದ್ರಲ್ಲಿ ಅವರ್ನ ಮೀರ್ಸೋರಿಲ್ಲ" ಅಂದರು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹೆಸರು ತೇಜಶ್ರೀ. ಇಲ್ಲಿನ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಅಮ್ಮ ಶಿವಗಂಗಮ್ಮ ಚನ್ನರಾಯಪಟ್ಟಣ ತಾಲ್ಲೂಕಿನ ನಮ್ಮೂರಿನಲ್ಲಿದ್ದಾರೆ, ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾರೆ. ಅಪ್ಪ ಪರಮೇಶ್ ರಾಮನಾಥಪುರದಲ್ಲಿ ತಂಬಾಕು ಹರಾಜಿನ ಹೊತ್ತಿಗೆ ಬೇಲುಗಳಿಗೆ ಚೀಟಿ ಅಂಟಿಸುವ ಕೆಲಸಕ್ಕೆ ಹೋಗುತ್ತಿದ್ದರು. ವಾರವೆಲ್ಲ ಅಲ್ಲೇ ಇದ್ದು ಶನಿವಾರ ಸಂಜೆ ಟಿವಿಎಸ್ ಏರಿ ಊರಿಗೆ ಬರುತ್ತಿದ್ದರು. 2004ರ ಅಕ್ಟೋಬರ್ 12, ಮಂಗಳವಾರ, ಮಧ್ಯಾಹ್ನ ಮೂರು ಗಂಟೆಗೆ ಕೆಲಸ ಅರ್ಧಕ್ಕೆ ಬಿಟ್ಟು ಹೊರಟವರು ಎಲ್ಲಿಗೂ ಹೋಗಿ ಸೇರಲಿಲ್ಲ. ಆಗ ನನಗೆ ಆರು ವರ್ಷ.

ಊರಿನವರಿಗೆ ಉತ್ತರ ಬೇಗ ಸಿಕ್ಕಿತು. "ಆಸನದಲ್ಲಿ ಯಾವಳನ್ನೋ ಇಟ್ಕಂಡಿದ್ನಂತೆ, ಅವಳ ಜೊತೆ ಓಡೋದ" ಅಂದರು. ಅಂದಿನಿಂದ ನಾನು ಓಡಿಹೋದವನ ಮಗಳು. ಶಾಲೆಯಲ್ಲಿ ಹಾಗೇ ಕರೆದರು, ಹೆಣ್ಣು ನೋಡಲು ಬಂದವರೂ ಅದನ್ನೇ ಕೇಳಿ ಎದ್ದು ಹೋದರು. ಅಪ್ಪನನ್ನು ನಾನೂ ಶಪಿಸಿದ್ದೇನೆ, ಸುಳ್ಳು ಹೇಳುವುದಿಲ್ಲ.

ಈ ಮೇ ತಿಂಗಳಲ್ಲಿ ಹೇಮಾವತಿ ನಾಲೆಗೆ ನೀರು ನಿಲ್ಲಿಸಿ ರಿಪೇರಿ ಮಾಡುವಾಗ, ನಿಮ್ಮ ಕಡೆಯ ತಿರುವಿನ ಹೂಳಿನಲ್ಲಿ ಜೆಸಿಬಿಗೆ ಒಂದು ಟಿವಿಎಸ್ ಸಿಕ್ಕಿತು. ಚಾಸಿಸ್ ನಂಬರ್ ಉಜ್ಜಿ ನೋಡಿದರೆ ಅಪ್ಪನದು. ಹಾಸನದಲ್ಲಿ ಹಳೆಯ ಪ್ರಕರಣಗಳನ್ನು ಮತ್ತೆ ತೆಗೆಯಲು ಒಂದು ತಂಡ ಮಾಡಿದ್ದಾರೆ. ಅದರ ಸಬ್ ಇನ್ಸ್‌ಪೆಕ್ಟರ್ ನಿಸರ್ಗ ಅನ್ನುವವರು ಮೂರು ಠಾಣೆಗಳ ಹಳೆಯ ಪುಸ್ತಕ ತರಿಸಿ ನನ್ನೆದುರು ಹರಡಿ, "ಈ ಮೂರೂ ಇಪ್ಪತ್ತು ವರ್ಷದಲ್ಲಿ ಒಂದು ದಿನಾನೂ ಒಂದೇ ಟೇಬಲ್ ಮೇಲೆ ಬಂದಿಲ್ಲ ಮೇಡಂ" ಅಂದರು.

ಅಪ್ಪ ಕೆಲಸ ಮಾಡುತ್ತಿದ್ದ ಅರಕಲಗೂಡು ಕಡೆಯ ಪುಸ್ತಕದಲ್ಲಿ ಅಮ್ಮ ಕೊಟ್ಟ ನಾಪತ್ತೆ ದೂರಿದೆ, ಅಕ್ಟೋಬರ್ 21ರದು. ಚನ್ನರಾಯಪಟ್ಟಣ ಕಡೆಯದರಲ್ಲಿ, ನಾಲೆಯಲ್ಲಿ 19ರಂದು ಅಪರಿಚಿತ ಗಂಡಸಿನ ಹೆಣ ಸಿಕ್ಕಿತು, ವಯಸ್ಸು ನಲವತ್ತೈದರಿಂದ ಐವತ್ತು, 20ರಂದು ಪಂಚಾಯ್ತಿ ಜಾಗದಲ್ಲಿ ಹೂಳಲಾಯಿತು ಎಂದಿದೆ. ಅಪ್ಪನಿಗೆ ಮೂವತ್ತನಾಲ್ಕು. ಹೀಗಾಗಿ ಯಾರೂ ಎರಡನ್ನೂ ಜೋಡಿಸಿ ನೋಡಲಿಲ್ಲ. ಮೂರನೆಯದು ನೀವಿದ್ದ ಹೊರಠಾಣೆಯ ದಿನಚರಿ. ಆ ಹೊರಠಾಣೆ ಈಗ ಇಲ್ಲವಂತೆ, ಪುಸ್ತಕ ಉಳಿದಿದೆ. ನಾಲೆಯ ತೂಬು ಕಾಯುತ್ತಿದ್ದ ನೀರುಗಂಟಿ ಸಣ್ಣಯ್ಯ, 14ನೇ ತಾರೀಖು ಬೆಳಿಗ್ಗೆ ತೂಬಿಗೆ ಹೆಣ ಸಿಕ್ಕಿಕೊಂಡಿದ್ದು ಕಂಡು, ಸೈಕಲ್ ತುಳಿದುಕೊಂಡು ಬಂದು ನಿಮಗೇ ಹೇಳಿದೆ ಎನ್ನುತ್ತಾರೆ. ಅವತ್ತಿನ ದಿನಚರಿಯಲ್ಲಿ ನಿಮ್ಮ ಕೈಬರಹ ಹೀಗಿದೆ: "ನಾಲೆ ಏರಿ ಮೇಲೆ ಗಸ್ತು. ವಿಶೇಷವಿಲ್ಲ."

ನಿಸರ್ಗ ಬಂದು ಕೇಳಿದಾಗ ನೀವು ನೆನಪಿಲ್ಲ ಎಂದು ಬರೆದುಕೊಟ್ಟಿರಂತೆ. ನಾನು ಪೊಲೀಸಿನವಳಲ್ಲ. ಅಪ್ಪ ನಮ್ಮನ್ನು ಬಿಟ್ಟು ಹೋದರೋ, ಸತ್ತು ಹೋದರೋ, ಅಷ್ಟು ತಿಳಿದರೆ ಸಾಕು. ಅವತ್ತು ತೂಬಿನಲ್ಲಿ ನೀವೇನು ಕಂಡಿರಿ?

ಇಂತಿ,
ತೇಜಶ್ರೀ

*

ಹೊಳೆನರಸೀಪುರ
25 ಜೂನ್ 2024

ಚಿ. ತೇಜಶ್ರೀಗೆ ಚನ್ನಪ್ಪನ ಆಶೀರ್ವಾದ.

ಮಗಳ ವಯಸ್ಸಿನವಳು, ನೀನು ಎಂದರೆ ಬೇಸರ ಮಾಡಿಕೊಳ್ಳಬೇಡ. ನಿನ್ನ ಅಕ್ಷರ ದುಂಡಗಿದೆ, ಕನ್ನಡಕವಿಲ್ಲದೆ ಓದಿದೆ. ಮೂವತ್ತೊಂದು ವರ್ಷ ಠಾಣೆಯಲ್ಲಿ ಬರೆದೂ ಬರೆದೂ ಕೈಬೆರಳು ಸೊಟ್ಟಗಾಗಿವೆ, ರಿಟೈರ್ ಆದ ಮೇಲೆ ನನಗೆ ಒಂದು ಕಾಗದ ಬರೆದವರಿಲ್ಲ. ನಿನ್ನದು ಬಂದಾಗ ಹಿಗ್ಗಿಹೋದೆ. ಓದಿ ಮುಗಿಸುವಷ್ಟರಲ್ಲಿ ಆ ಹಿಗ್ಗು ಇಳಿಯಿತು.

ನಿನ್ನ ಸಂಕಟ ಅರ್ಥವಾಗುತ್ತದೆ. ಆದರೆ ಮಗಾ, ಇಪ್ಪತ್ತು ವರ್ಷದ ಹಿಂದಿನ ಒಂದು ಬೆಳಿಗ್ಗೆ ನೆನಪಿಸಿಕೋ ಅಂದರೆ ಹೇಗೆ? ನಿನ್ನೆ ಸಾರಿಗೆ ಏನು ಹಾಕಿದ್ದರು ಎಂದು ಸೊಸೆಯನ್ನು ಕೇಳುವ ಸ್ಥಿತಿ ನನ್ನದು. ಸಣ್ಣಯ್ಯ ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ವರ್ಷವಿಡೀ ನೀರು ನೋಡುವವನಿಗೆ ತೆಂಗಿನ ಗರಿ ತೇಲಿ ಬಂದರೂ ಹೆಣದ ಹಾಗೆ ಕಾಣುತ್ತದೆ. ಅವನು ಹೇಳಿದ, ನಾವು ಹೋದೆವು, ನೋಡಿದೆವು, ಬಂದೆವು. ಇದ್ದಿದ್ದರೆ ಬರೆಯುತ್ತಿದ್ದೆ.

ನಿಸರ್ಗ ಅನ್ನುವ ಆ ಹುಡುಗಿ ಚುರುಕಿದ್ದಾಳೆ. ಮೂರು ಪುಸ್ತಕ ಒಟ್ಟಿಗೆ ಇಟ್ಟು ನೋಡಬೇಕೆಂದು ನಮಗೆ ಆಗ ಹೊಳೆಯಲೇ ಇಲ್ಲ. ನಮ್ಮ ಸರಹದ್ದಿನ ಪುಸ್ತಕ ನಮಗೆ, ಅವರದು ಅವರಿಗೆ.

ಒಂದು ಮಾತು ಕೇಳುತ್ತೇನೆ, ತಪ್ಪು ತಿಳಿಯಬೇಡ. ನಿಮ್ಮ ತಂದೆ ಲಿಂಗ ಕಟ್ಟುತ್ತಿದ್ದರಾ? ಸುಮ್ಮನೆ ಕೇಳಿದೆ.

ಆರೋಗ್ಯ ನೋಡಿಕೋ. ತಾಯಿಗೆ ನಮಸ್ಕಾರ ತಿಳಿಸು.

ಇಂತಿ,
ಚನ್ನಪ್ಪ

*

ಅರಕಲಗೂಡು
2 ಸೆಪ್ಟೆಂಬರ್ 2024

ಚನ್ನಪ್ಪನವರಿಗೆ,

ಬೇಕೆಂದೇ ಎರಡು ತಿಂಗಳು ಬರೆಯಲಿಲ್ಲ. ನಿಮ್ಮ ಪತ್ರದಿಂದ ನನಗೆ ಕೋಪ ಬಂದಿತ್ತು. ಏನೂ ಕಾಣದವರು, ಏನೂ ನೆನಪಿಲ್ಲದವರು, ಲಿಂಗದ ಮಾತು ಯಾಕೆ ಎತ್ತಿದಿರಿ? ಹೋಗಲಿ, ಉತ್ತರ ಕೊಡುತ್ತೇನೆ. ಕಟ್ಟುತ್ತಿದ್ದರು. ಬಿಳಿ ಶಿವದಾರ, ಲಿಂಗ ಇಡುವ ಬೆಳ್ಳಿಯ ಕರಡಿಗೆ. ಸ್ನಾನಕ್ಕೂ ತೆಗೆಯುತ್ತಿರಲಿಲ್ಲವಂತೆ. ಅಮ್ಮ ಇದನ್ನು ದೂರಿನಲ್ಲೇ ಬರೆಸಿದ್ದಾರೆ. ನಾಲೆಯ ಹೆಣದ ಮಹಜರಿನಲ್ಲಿ ಮಾತ್ರ ಕರಡಿಗೆಯ ಸುದ್ದಿಯೇ ಇಲ್ಲ. ಅಮ್ಮ ಅದನ್ನೇ ಹಿಡಿದುಕೊಂಡಿದ್ದಾರೆ: "ಲಿಂಗ ಇಲ್ದಿದ್ ಮೇಲೆ ಅದು ನಿಮ್ಮಪ್ಪ ಅಲ್ಲ ಕಣೆ. ಸುಮ್ನೆ ಯಾರ್ದೋ ಗೋರಿ ಯಾಕೆ ಅಗೀತೀರಿ?"

ಆದರೂ ಅಗೆದರು. ಕಳೆದ ವಾರ ತಹಶೀಲ್ದಾರರು, ಒಬ್ಬ ಡಾಕ್ಟರು, ನಿಸರ್ಗ, ನಾನು, ಎಲ್ಲ ಪಂಚಾಯ್ತಿ ಜಾಗದಲ್ಲಿ ನಿಂತಿದ್ದೆವು. ಅಲ್ಲೀಗ ಲಂಟಾನ ಬೆಳೆದು ಕಾಲಿಡಲು ಜಾಗವಿಲ್ಲ. ಪುಸ್ತಕದಲ್ಲಿ ಬರೆದ ಅಳತೆಗೆ ಸರಿಯಾಗಿ, ನಾಲ್ಕು ಅಡಿ ಆಳದಲ್ಲಿ ಮೂಳೆ ಸಿಕ್ಕವು. ಮಲಗಿದ್ದ ಮನುಷ್ಯ. ಡಾಕ್ಟರು ತೊಡೆಯ ಮೂಳೆ, ಎರಡು ಹಲ್ಲು ತೆಗೆದು ಡಬ್ಬಿಗೆ ಹಾಕಿ ಮೊಹರು ಮಾಡಿದರು. ನಾನು ಚೆಂಡು ಹೂ ತೆಗೆದುಕೊಂಡು ಹೋಗಿದ್ದೆ, ಹಾಕಿದೆ. ಊದುಬತ್ತಿ ಹಚ್ಚಿದೆ. ಇಪ್ಪತ್ತು ವರ್ಷ ಬೈದದ್ದಕ್ಕೆ ಕ್ಷಮಿಸು ಅಪ್ಪ ಎಂದೆ. ಅಲ್ಲಿಂದ ಹಾಸನಕ್ಕೆ ಹೋಗಿ ರಕ್ತ ಕೊಟ್ಟು ಬಂದೆ. ಎರಡನ್ನೂ ಹೋಲಿಸಿ ನೋಡುತ್ತಾರಂತೆ. ತಿಂಗಳುಗಟ್ಟಲೆ ಆಗಬಹುದಂತೆ.

ಇದನ್ನು ಯಾರಿಗೂ ಹೇಳಿಲ್ಲ. ನೀವು ಅಪರಿಚಿತರು, ಅದಕ್ಕೇ ಬರೆಯುತ್ತಿದ್ದೇನೆ. ಆ ಮೂಳೆ ಅಪ್ಪನದೇ ಆಗಿರಲಿ ಎಂದು ದಿನಾ ಕೈ ಮುಗಿಯುತ್ತೇನೆ. ಹೆತ್ತ ತಂದೆ ಸತ್ತಿರಲಿ ಎಂದು ಬೇಡಿಕೊಳ್ಳುವ ಮಗಳು ಎಲ್ಲಿಯಾದರೂ ಇದ್ದಾಳಾ? ಅಲ್ಲಿ ಅಮ್ಮ, ಆಗದಿರಲಿ ಎಂದು ಹರಕೆ ಹೊತ್ತು ಕೂತಿದ್ದಾರೆ. ಇಬ್ಬರೂ ಬೇಡುವುದು ಒಬ್ಬನೇ ಶಿವನನ್ನು. ಅವನಾದರೂ ಏನು ಮಾಡುತ್ತಾನೆ, ನನಗೆ ತಲೆಬುಡ ತಿಳಿಯುತ್ತಿಲ್ಲ.

ಲಿಂಗದ ಮಾತು ಯಾಕೆ ಕೇಳಿದಿರಿ, ಅದನ್ನಾದರೂ ಬರೆಯಿರಿ.

ತೇಜಶ್ರೀ

*

ಹೊಳೆನರಸೀಪುರ
17 ಸೆಪ್ಟೆಂಬರ್ 2024

ಚಿ. ತೇಜಶ್ರೀಗೆ,

ಕಾಗದ ಸೇರಿತು. ಎರಡು ಸಲ ಉತ್ತರ ಬರೆದು ಹರಿದೆ.

ಹಳೆಯ ಪುಸ್ತಕದ ಅಳತೆಯನ್ನು ಅಷ್ಟು ನಂಬಬಾರದು ಮಗಾ. ಪಂಚಾಯ್ತಿ ಜಾಗದಲ್ಲಿ ಒಂದರ ಪಕ್ಕ ಒಂದು ಎಷ್ಟೋ ಅನಾಥ ಹೆಣ ಹೂತಿರುತ್ತಾರೆ. ಅದೇ ಇದು ಎಂದು ಮನಸ್ಸಿಗೆ ತುಂಬಿಕೊಳ್ಳಬೇಡ. ನೀನು ಹೂವು ಹಾಕಿದ್ದು ಓದಿ ನನಗೆ ಅವತ್ತೆಲ್ಲ ಊಟ ಸೇರಲಿಲ್ಲ.

ಲಿಂಗದ ಮಾತು ಸುಮ್ಮನೆ ಕೇಳಿದ್ದು. ಮುದುಕರ ಬಾಯಿ.

ಚನ್ನಪ್ಪ

*

ಅರಕಲಗೂಡು
28 ನವೆಂಬರ್ 2024

ಚನ್ನಪ್ಪನವರಿಗೆ,

ಹೊಂದಲಿಲ್ಲ.

ಹೋದ ವಾರ ಸೋಮವಾರ ಊಟದ ಬಿಡುವಿನಲ್ಲಿ ನಿಸರ್ಗ ತಾವೇ ಶಾಲೆಗೆ ಬಂದಿದ್ದರು. ಫೋನಿನಲ್ಲಿ ಹೇಳಲು ಮನಸ್ಸಾಗಲಿಲ್ಲವಂತೆ. "ಮ್ಯಾಚ್ ಆಗ್ಲಿಲ್ಲ ಮೇಡಂ. ಆ ಮೂಳೆಗೂ ನಿಮಗೂ ಸಂಬಂಧ ಇಲ್ಲ" ಅಂದರು. ಮುಂದಿನ ತರಗತಿ ಒಂಬತ್ತನೆಯವರಿಗೆ, ಬೀಜಗಣಿತ. ಬೋರ್ಡಿನ ಮೇಲೆ ಏನು ಬರೆದೆನೋ ದೇವರಿಗೇ ಗೊತ್ತು. ಮಾನ್ಯ ಅನ್ನುವ ಹುಡುಗಿ ಎದ್ದು, "ಮಿಸ್, ಎಡಗಡೆ ಇದ್ದದ್ದು ಬಲಗಡೆ ಬಂದಾಗ ಚಿಹ್ನೆ ಬದಲಾಗ್ಬೇಕಲ್ವಾ?" ಎಂದಳು. ಅಳು ಬಂತು. ನಾನು ಮಕ್ಕಳ ಮುಂದೆ ಅಳುವವಳಲ್ಲ.

ಶನಿವಾರ ಊರಿಗೆ ಹೋಗಿ ಅಮ್ಮನಿಗೆ ಹೇಳಿದೆ. ಅಮ್ಮನ ಸಂಭ್ರಮ ನೀವು ನೋಡಬೇಕಿತ್ತು. "ನಾನ್ ಏಳಿರ್ನಿಲ್ವಾ! ನಾನ್ ಏಳಿರ್ನಿಲ್ವಾ!" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು. ಅಂಗಡಿಗೆ ಹೋಗಿ ಎರಡು ಡಜನ್ ಹಸಿರು ಬಳೆ ತೊಟ್ಟು ಬಂದರು. ಭಾನುವಾರ ಹೋಳಿಗೆ ಮಾಡಿ ಕೇರಿಗೆಲ್ಲ ಹಂಚಿದರು. "ಇವತ್ತಲ್ಲ ನಾಳೆ ಸಿಟ್ಟು ಇಳೀತದೆ, ಬತ್ತಾರೆ" ಅಂದರು.

ಯಾವ ಸಿಟ್ಟು ಎಂದು ಕೇಳಿದೆ. ಕೈಯಲ್ಲಿದ್ದ ಲಟ್ಟಣಿಗೆ ಹಾಗೇ ನಿಂತಿತು. ಇಪ್ಪತ್ತು ವರ್ಷ ಬಾಯಿ ಬಿಡದ್ದನ್ನು ಅವತ್ತು ಬಿಟ್ಟರು. ಅಪ್ಪ ಕೊನೆಯ ಸಲ ಮನೆಗೆ ಬಂದಿದ್ದ ಭಾನುವಾರ ಇಬ್ಬರಿಗೂ ಜಗಳ ಆಗಿತ್ತಂತೆ. ಹಾಸನದ ಹೆಂಗಸಿನ ಸುದ್ದಿ ಯಾರೋ ಅಮ್ಮನ ಕಿವಿಗೆ ಹಾಕಿದ್ದರು. ಅಮ್ಮ, "ಅವಳ ಮನೇಗೇ ಓಗು, ಇನ್ನು ಈ ಒಸ್ಲು ತುಳೀಬ್ಯಾಡ" ಎಂದುಬಿಟ್ಟರಂತೆ. ಅಪ್ಪ ಹೌದು ಅಂತಲೂ ಹೇಳಲಿಲ್ಲ, ಇಲ್ಲ ಅಂತಲೂ ಹೇಳಲಿಲ್ಲ. ಸೋಮವಾರ ಬೆಳಿಗ್ಗೆ ಗಾಡಿ ಒದ್ದು ಹೊರಟರು. ಶನಿವಾರ ಬರದಿದ್ದಾಗ ಅಮ್ಮ, ಸಿಟ್ಟು ಮಾಡಿಕೊಂಡಿದ್ದಾರೆ, ತಾವಾಗಿಯೇ ಬರುತ್ತಾರೆ ಎಂದು ಕಾದರು. ದೂರು ಕೊಡಲು ಒಂಬತ್ತು ದಿನ ಯಾಕಾಯಿತೆಂದು ಈಗ ಗೊತ್ತಾಯಿತು. ಅಪ್ಪ ಬದುಕಿದ್ದರೆ ಬರೀ ಮುನಿಸಿಕೊಂಡಿದ್ದಾರೆ, ಅಷ್ಟೇ. ಸತ್ತಿದ್ದರೆ ಅಮ್ಮ ಅವರಿಗೆ ಆಡಿದ ಕೊನೆಯ ಮಾತು ಅದೇ ಆಗುತ್ತದೆ.

ಹಾಗಾದರೆ ಆ ಮಂಗಳವಾರ ಕೆಲಸ ಬಿಟ್ಟು ಎಲ್ಲಿಗೆ ಹೊರಟಿದ್ದರು? ನಾಲೆಯ ತಿರುವಿನ ರಸ್ತೆ ನಮ್ಮೂರಿಗೂ ಬರುತ್ತದೆ, ಮುಂದೆ ಕವಲಾಗಿ ಹಾಸನಕ್ಕೂ ಹೋಗುತ್ತದೆ. ಗಾಡಿಯನ್ನು ತಾವೇ ನಾಲೆಗೆ ತಳ್ಳಿ ಬಸ್ಸು ಹತ್ತಿದರೇನೋ ಎಂದು ಊರವರು ಆಗಲೇ ಶುರು ಮಾಡಿದ್ದಾರೆ. ಅಮ್ಮ ಆ ಮಾತಿಗೂ ಖುಷಿಪಡುತ್ತಾರೆ!

ತಿಂಗಳ ಕೊನೆಗೆ ಫೈಲನ್ನು "ಪತ್ತೆಯಾಗಿಲ್ಲ" ಎಂದು ಮುಚ್ಚುತ್ತಾರಂತೆ. ನಾನು ಸಹಿ ಹಾಕಬೇಕು. ಹಾಕುತ್ತೇನೆ. ಓಡಿಹೋದವನ ಮಗಳಾಗಿಯೇ ಇರುತ್ತೇನೆ ಬಿಡಿ, ಅದು ಅಭ್ಯಾಸವಾಗಿದೆ.

ಇನ್ನು ನಿಮಗೆ ತೊಂದರೆ ಕೊಡುವುದಿಲ್ಲ.

ತೇಜಶ್ರೀ

*

ಹೊಳೆನರಸೀಪುರ
5 ಡಿಸೆಂಬರ್ 2024

ತೇಜಶ್ರೀ,

ಸಹಿ ಹಾಕಬೇಡ. ಹಾಕಿದ್ದರೆ ಹೋಗಿ ವಾಪಸ್ ತೆಗೆದುಕೋ. ಇದನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ.

ಅವರು ಅಗೆದದ್ದು ತಪ್ಪು ಜಾಗ. ಅದು ನನಗೆ ಸೆಪ್ಟೆಂಬರಿನಲ್ಲೇ ಗೊತ್ತಿತ್ತು. ಜೂನಿನಲ್ಲೂ ಗೊತ್ತಿತ್ತು. ಬೈಯುವುದಾದರೆ ಪೂರ್ತಿ ಓದಿ ಆಮೇಲೆ ಬೈ.

ನಮ್ಮ ಹೊರಠಾಣೆಯ ಗೋಡೆಗೆ ಒಂದು ಉದ್ದನೆ ಬಿದಿರು ಗಳ ಒರಗಿಸಿರುತ್ತಿದ್ದೆವು. ಹೊಸಬರು ಕೇಳಿದರೆ ತೆಂಗಿನಕಾಯಿ ಕೆಡವೋಕೆ ಎನ್ನುತ್ತಿದ್ದೆವು. ನಾಲೆಯಲ್ಲಿ ತೂಬಿನಿಂದ ಐವತ್ತು ಮಾರು ಮುಂದೆ ಸರಹದ್ದಿನ ಕಲ್ಲು. ತೇಲಿ ಬಂದದ್ದು ಆ ಕಲ್ಲು ದಾಟಿದರೆ ಪಕ್ಕದವರದು. ಈಚೆ ನಿಂತರೆ ನಮ್ಮದು: ಮಹಜರು, ಶವ ಪರೀಕ್ಷೆ, ವಾರಸುದಾರರ ಹುಡುಕಾಟ, ವರ್ಷಗಟ್ಟಲೆ ಓಡಾಟ. ಇದ್ದವರು ನಾಲ್ಕೇ ಜನ. ಹಿಂದಿನವರು ಮಾಡುತ್ತಿದ್ದರು, ನಾವೂ ಮಾಡಿದೆವು. ಅದು ತಪ್ಪೆಂದು ಯಾರಿಗೂ ಅನಿಸುತ್ತಿರಲಿಲ್ಲ, ಪಕ್ಕದವರೂ ತಮ್ಮ ಮುಂದಿನವರಿಗೆ ಅದನ್ನೇ ಮಾಡುತ್ತಿದ್ದರು.

14ರ ಬೆಳಿಗ್ಗೆ ಸಣ್ಣಯ್ಯ ಏದುಸಿರು ಬಿಡುತ್ತಾ ಬಂದು, "ಸಾ, ತೂಬಿನ ಕಂಬೀಗೆ ಯಾರೋ ಸಿಕ್ಕಂಡವ್ರೆ ಸಾ, ಬೇಗ ಬನ್ನಿ" ಎಂದ. ಹೋದೆವು. ಬೋರಲು ಬಿದ್ದಿದ್ದ. ಯಾರು ದೂಡು ಎಂದರು ಎಂದು ಬರೆಯುವುದಿಲ್ಲ, ಅವರು ಈಗಿಲ್ಲ. ಗಳ ಹಿಡಿದದ್ದು ನನ್ನ ಕೈ. ಎರಡು ಸಲ ದೂಡಿದಾಗ ಮಗ್ಗುಲಾದ. ಅಂಗಿಯ ಗುಂಡಿ ಕಿತ್ತು ಹೋಗಿ ಕೊರಳಿನ ದಾರ, ಕರಡಿಗೆ ಕಂಡವು. ಸಣ್ಣಯ್ಯ, "ಅಯ್ಯೋ, ಲಿಂಗ ಕಟ್ಟವ್ರೆ ಸಾ, ಯಾರೋ ಮನೆವಂತರು" ಎಂದ. ನಾನು ಮೂರನೇ ಸಲ ದೂಡಿದೆ. ನೀರಿಗೆ ಸೆಳವಿತ್ತು, ಹೋಯಿತು. ಬಂದು ದಿನಚರಿ ಬರೆದೆ. ದೂಡಿದ್ದು ಹೇಳಬೇಡ ಎಂದು ಸಣ್ಣಯ್ಯನಿಗೆ ತಾಕೀತು ಮಾಡಿದೆವು, ಪಾಪ, ಇವತ್ತಿಗೂ ಹೇಳಿಲ್ಲ.

ಆಮೇಲೆ ನನಗೆ ಅನ್ನ ಇಳಿಯಲಿಲ್ಲ. ಹೆಂಡತಿ ಏನಾಯಿತು ಎಂದು ಕೇಳಿದರೆ ಹೊಟ್ಟೆನೋವು ಎನ್ನುತ್ತಿದ್ದೆ. ಐದು ದಿನ ಬಿಟ್ಟು, ಚನ್ನರಾಯಪಟ್ಟಣ ಕಡೆ ಒಂದು ಹೆಣ ಸಿಕ್ಕಿತೆಂದು ಕೇಳಿದೆ. ಒಂದು ದಿನ ರಜೆ ಹಾಕಿ, ಯೂನಿಫಾರ್ಮ್ ಬಿಟ್ಟು ಸಾದಾ ಪ್ಯಾಂಟು ಅಂಗಿಯಲ್ಲಿ ಬಸ್ಸು ಹತ್ತಿದೆ. ಅಲ್ಲಿಯವರು ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮಾರು ದೂರ ನಿಂತು ಮಹಜರು ಬರೆದು ಮುಗಿಸಿದ್ದರು. ಕರಡಿಗೆ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಏಳು ದಿನ ನೀರಿನಲ್ಲಿ ಇದ್ದ ಮೈ, ಊದಿ ಹೋಗಿತ್ತು. ಮುಖ ಇಂಥದೆಂದು ಹೇಳುವಂತಿರಲಿಲ್ಲ. ವಯಸ್ಸು ನಲವತ್ತೈದೋ ಐವತ್ತೋ ಎಂದು ಬರೆದದ್ದು ಅದಕ್ಕೇ. ಪಂಚಾಯ್ತಿ ಜಾಗದಲ್ಲಿ ಗುಂಡಿ ತೋಡಿ, ಮಲಗಿಸಲು ಎತ್ತುತ್ತಿದ್ದರು.

ನಮ್ಮ ಜನ ಮಲಗಿಸಿಯೇ ಮಣ್ಣು ಮಾಡುತ್ತೇವೆ. ನಿಮ್ಮಲ್ಲಿ ಕೂರಿಸುತ್ತಾರೆ, ಅಷ್ಟು ನನಗೆ ಗೊತ್ತಿತ್ತು. "ಲಿಂಗ ಕಟ್ಟಿರೋರು ಕಣ್ರಪ್ಪ, ಮಲಗಿಸ್ಬ್ಯಾಡಿ" ಎಂದೆ. ಅವರಿಗೆ ಸಾಕಾಗಿತ್ತು. "ನಿಂಗೆ ಬೇಕಾದ್ರೆ ತಗಂಡೋಗಿ ಏನಾರ ಮಾಡ್ಕೊ, ನಮ್ ಕಾಗ್ದ ಮಾತ್ರ ಬದ್ಲಾಯ್ಸಾಕಿಲ್ಲ" ಎಂದರು. ಪಕ್ಕದ ಹಳ್ಳಿಯಲ್ಲಿ ರುದ್ರಯ್ಯ ಎಂಬ ಅಯ್ಯನವರಿದ್ದರು, ನಿಮ್ಮವರ ಸಾವಿನ ಪೂಜೆ ಮಾಡುವವರು. ಹೋಗಿ ಕಾಲಿಗೆ ಬಿದ್ದೆ. ಊರವರು ಯಾವ ಊರು, ಯಾವ ಮನೆ ಎಂದು ತಗಾದೆ ತೆಗೆದರು. ರುದ್ರಯ್ಯನವರು, "ಕೊಳ್ಳಲ್ಲಿ ಲಿಂಗ ಐತೆ, ಇನ್ಯಾವ ಅಡ್ರೆಸ್ ಬೇಕ್ರಯ್ಯ ನಿಮಗೆ?" ಎಂದು ಗದರಿದರು. ಅವರ ರುದ್ರಭೂಮಿಯ ಮೂಲೆಯಲ್ಲಿ, ಬಿಲ್ವದ ಮರದ ಹತ್ತಿರ, ಕೂರಿಸಿ, ಲಿಂಗವನ್ನು ಎಡಗೈಗೆ ಕೊಟ್ಟು, ವಿಭೂತಿ ಸುರಿದು ಮಣ್ಣು ಮಾಡಿದೆವು. ಪುಸ್ತಕದಲ್ಲಿ ಪಂಚಾಯ್ತಿ ಜಾಗ ಎಂದೇ ಉಳಿಯಿತು. ಆ ಗುಂಡಿಗೆ ಆಮೇಲೆ ಬೇರೆ ಯಾರನ್ನೋ ಹಾಕಿರಬೇಕು.

ದೂಡಿದ್ದು ಹೇಳಬೇಕಾಗುತ್ತದೆಂದು ಕೂರಿಸಿದ್ದನ್ನೂ ಬಾಯಿ ಬಿಡಲಿಲ್ಲ. ಪಿಂಚಣಿ ಹೋದೀತು, ಮೊಮ್ಮಕ್ಕಳ ಮುಂದೆ ಮರ್ಯಾದೆ ಹೋದೀತು ಎಂದು ಹೆದರಿದೆ. ಆದರೆ ನಿನ್ನ ತಾಯಿ ಹೋಳಿಗೆ ಹಂಚಿದ್ದು ಓದಿದ ಮೇಲೆ ಇನ್ನು ಸುಮ್ಮನಿರಲು ಆಗಲಿಲ್ಲ.

ಜಾಗ ತೋರಿಸುತ್ತೇನೆ. ನಿಸರ್ಗಳಿಗೆ ಈ ಕಾಗದ ಕೊಡು.

ಚನ್ನಪ್ಪ

*

ಅರಕಲಗೂಡು
10 ಡಿಸೆಂಬರ್ 2024

ಕೊಟ್ಟಿದ್ದೇನೆ.

ಹದಿನಾಲ್ಕನೇ ತಾರೀಖು ಎಂದರೆ ಎರಡನೇ ದಿನ. ಅವತ್ತು ಎತ್ತಿದ್ದರೆ ಗುರುತು ಸಿಗುತ್ತಿತ್ತು. ಅಂಗಿ, ಗಾಡಿಯ ಕೀ, ಕರಡಿಗೆ, ಯಾವುದನ್ನು ತೋರಿಸಿದ್ದರೂ ಅಮ್ಮ ಹೇಳುತ್ತಿದ್ದರು. ನಾನು ಓಡಿಹೋದವನ ಮಗಳಾಗುತ್ತಿರಲಿಲ್ಲ. ಐವತ್ತು ಮಾರು, ಅಷ್ಟೇ ಅಲ್ಲವೇ? ಮೂರು ಸಲ ದೂಡಿದೆ ಎಂದು ಲೆಕ್ಕ ಇಟ್ಟು ಬರೆದಿದ್ದೀರಿ. ಒಂದು ಸಲವಾದರೂ ದಡಕ್ಕೆ ಎಳೆಯೋಣ ಎನಿಸಲಿಲ್ಲವೇ?

ನಾನು ಯಾರ ಮೂಳೆಯ ಮುಂದೆ ಕ್ಷಮೆ ಕೇಳಿದೆ? ಆ ಮನುಷ್ಯನ ಮನೆಯಲ್ಲಿ ಯಾರು ಕಾಯುತ್ತಿದ್ದಾರೋ.

ನಿಮಗೆ ಏನು ಬರೆಯಬೇಕೋ ನನಗೆ ಗೊತ್ತಿಲ್ಲ. ನಮಸ್ಕಾರ ಹಾಕಲೂ ಮನಸ್ಸಿಲ್ಲ.

ತೇಜಶ್ರೀ

*

ಅರಕಲಗೂಡು
11 ಮಾರ್ಚ್ 2025

ಚನ್ನಪ್ಪನವರಿಗೆ ನಮಸ್ಕಾರ.

ಹೊಂದಿತು. ಅವರು ಅಪ್ಪನೇ.

ಜನವರಿಯಲ್ಲಿ ನಿಸರ್ಗ ನಿಮ್ಮನ್ನು ಜೀಪಿನಲ್ಲಿ ರುದ್ರಭೂಮಿಗೆ ಕರೆತಂದ ದಿನ ನಾನು ಬೇಲಿಯ ಆಚೆ ನಿಂತಿದ್ದೆ. ನೀವು ಬಿಲ್ವದ ಮರದಿಂದ ಹೆಜ್ಜೆ ಹಾಕಿ ಅಳೆದಿರಿ. ಒಂದು ಸಲ ತಪ್ಪಿತು, ಮತ್ತೆ ಮರದ ಹತ್ತಿರ ಹೋಗಿ ಮೊದಲಿನಿಂದ ಅಳೆದಿರಿ. ಅಗೆಯುವವರು ಕೆಳಗೆ ಇಳಿದಾಗ ನೀವು ಚಪ್ಪಲಿ ಬಿಟ್ಟು ನಿಂತಿದ್ದಿರಿ. ನಿಮ್ಮ ಹತ್ತಿರ ಬರಬೇಕೆನಿಸಿತು, ಕೆನ್ನೆಗೆ ಬಾರಿಸಬೇಕೆಂದೂ ಅನಿಸಿತು. ಎರಡೂ ಮಾಡಲಿಲ್ಲ. ಅಪ್ಪ ಕೂತಿದ್ದರು. ಎಡಗೈ ಹತ್ತಿರ ಲಿಂಗ, ನೀವು ಬರೆದ ಹಾಗೇ ಇತ್ತು.

ಮೂಳೆಯಲ್ಲಿ ಪೆಟ್ಟಿನ ಗುರುತಿಲ್ಲವಂತೆ. ಆ ತಿರುವಿಗೆ ಆಗ ತಡೆಗೋಡೆ ಇರಲಿಲ್ಲ, ಗಾಡಿ ಸಮೇತ ಬಿದ್ದಿದ್ದಾರೆ ಎಂದು ವರದಿ ಬರೆದು ಫೈಲು ಮುಗಿಸಿದರು. ಮನೆ ಕಡೆ ತಿರುಗುವವರಿದ್ದರೋ, ಹಾಸನದ ಕಡೆಯೋ, ಅದು ಯಾವ ಪ್ರಯೋಗಾಲಯದಲ್ಲೂ ಗೊತ್ತಾಗುವುದಿಲ್ಲ ಎಂದರು ನಿಸರ್ಗ. ನಾನು ಓಡಿಹೋದವನ ಮಗಳಲ್ಲ ಎಂದು ಸಂತೋಷಪಡಬೇಕು. ಪಡುತ್ತೇನೆ, ತಕ್ಷಣ ಅಪ್ಪ ಇಲ್ಲ ಎನ್ನುವುದು ನೆನಪಾಗುತ್ತದೆ. ಬೇಡಿದ್ದೇ ಸಿಕ್ಕಿದೆ, ಅದನ್ನು ಏನು ಮಾಡಬೇಕೋ ತೋಚುತ್ತಿಲ್ಲ.

ನಿಮ್ಮ ಬಗ್ಗೆ ನನ್ನ ಹೇಳಿಕೆ ಕೇಳಿದರು. ಗಳ ಹಿಡಿದು ದೂಡಿದವರು ಇವರೇ, ಕೂರಿಸಿ ಮಣ್ಣು ಮಾಡಿದವರೂ ಇವರೇ ಎಂದೆ. "ಯಾವ್ದನ್ನ ಮೊದಲು ಬರೀಲಿ ಮೇಡಂ?" ಎಂದರು ನಿಸರ್ಗ. ನಿಮ್ಮ ಮೇಲೆ ಮುಂದೇನು ಕ್ರಮವೋ ಮೇಲಿನವರು ನೋಡುತ್ತಾರಂತೆ.

ಅಮ್ಮನಿಗೆ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ಎಲ್ಲವನ್ನೂ ಹೇಳಿದೆ, ಗಳದ ಮಾತನ್ನೂ. ಅಳಲಿಲ್ಲ. "ಮಣ್ಣಿಗೆ ಯಾರ್ಯಾರು ಬಂದಿದ್ರಂತೆ?" ಎಂದು ಕೇಳಿದರು. ಒಬ್ಬ ಪೊಲೀಸಿನವರು, ಒಬ್ಬ ಅಯ್ಯನವರು, ಅಯ್ಯನವರು ಈಗಿಲ್ಲ ಎಂದೆ. ಆಮೇಲೆ ನನ್ನ ನೋಟ್‌ಬುಕ್ಕಿನ ಹಾಳೆ ಹರಿದುಕೊಂಡು ತಾವೇ ಬರೆದರು. ಇದರ ಜೊತೆ ಇಟ್ಟಿದ್ದೇನೆ. ಉತ್ತರ ಅಮ್ಮನ ಹೆಸರಿಗೇ ಬರೆಯಿರಿ, ಅವರಿಗೆ ಓದಲು ಬರುತ್ತದೆ.

ಏಳು ದಿನ ನೀರಿನಲ್ಲಿದ್ದ ಮುಖ ಹೇಗಿತ್ತೆಂದು ನೀವು ನನಗೆ ಬರೆದಿದ್ದೀರಿ. ಅದೊಂದನ್ನು ಮಾತ್ರ ಅಮ್ಮನಿಗೆ ಹೇಳಿಲ್ಲ. ನೀವು ಏನು ಬರೆಯುತ್ತೀರೋ ನಿಮಗೆ ಬಿಟ್ಟದ್ದು.

ಇಂತಿ,
ತೇಜಶ್ರೀ

(ಜೊತೆಗಿದ್ದ ಹಾಳೆ)

ಚನ್ನಪ್ಪನವರಿಗೆ ಶಿವಗಂಗಮ್ಮ ಮಾಡುವ ಶರಣು. ನಮ್ಮ ಯಜಮಾನರ ಮಣ್ಣಿಗೆ ನಮ್ಮ ಕಡೆಯಿಂದ ಒಬ್ಬರೂ ಇರಲಿಲ್ಲ. ನೀವು ಇದ್ದಿರಿ. ನೀವೇ ನೀರಲ್ಲಿ ದೂಡಿದ್ದು ಅಂತಲೂ ಮಗಳು ಹೇಳಿದಳು. ಅದಕ್ಕೆ ಏನು ಅನ್ನಬೇಕೋ ನನಗೆ ತಿಳಿಯಲ್ಲ, ನನ್ನ ಬುದ್ಧಿಗೆ ಎಟುಕಲ್ಲ. ನಾನೂ ಒಸ್ಲು ತುಳೀಬ್ಯಾಡ ಅಂದಿದ್ದೆ. ಒಂದೇ ಒಂದು ಕೇಳ್ತೀನಿ. ಕೊನೇಲಿ ಅವರ ಮುಖ ನೋಡಿದವರು ನೀವೇ. ಮುಖದಲ್ಲಿ ನನ್ನ ಮೇಲೆ ಸಿಟ್ಟಿತ್ತಾ?

*

ಹೊಳೆನರಸೀಪುರ
16 ಮಾರ್ಚ್ 2025

ಶಿವಗಂಗಮ್ಮ ತಾಯಿಯವರಿಗೆ ಚನ್ನಪ್ಪನ ಶರಣು.

ನಿಮ್ಮ ಹಾಳೆ ಬಂದು ಮೂರು ದಿನವಾಯಿತು. ನಾನು ಮಾಡಿದ್ದಕ್ಕೆ ಕ್ಷಮೆ ಕೇಳುವ ಯೋಗ್ಯತೆ ನನಗಿಲ್ಲ, ಅದನ್ನು ಕೇಳುತ್ತಲೂ ಇಲ್ಲ. ಇಲಾಖೆಯವರು ಏನು ಮಾಡಿದರೂ ತಲೆಬಾಗುತ್ತೇನೆ. ನೀವು ಕೇಳಿದ್ದಕ್ಕೆ ಉತ್ತರ ಕೊಡುವುದು ಮಾತ್ರ ನನ್ನ ಕೆಲಸ.

ಮುಖ ನೋಡಿದ್ದೇನೆ ತಾಯಿ. ಕೂರಿಸಿದ ಮೇಲೆ ನಾನೇ ಹಣೆಗೆ ವಿಭೂತಿ ಹಚ್ಚಿದೆ, ಅಷ್ಟು ಹತ್ತಿರದಿಂದ ನೋಡಿದ್ದೇನೆ. ಕಣ್ಣು ಮುಚ್ಚಿತ್ತು. ಹುಬ್ಬು ಗಂಟಿಕ್ಕಿರಲಿಲ್ಲ. ಸಿಟ್ಟು ಇರಲಿಲ್ಲ. ಜಗಳ ಮರೆತು ಮನೆ ಕಡೆ ಹೊರಟವರ ಮುಖ ಹೇಗಿರುತ್ತದೋ ಹಾಗೇ ಇತ್ತು. ರುದ್ರಯ್ಯನವರೂ ನೋಡಿ ಅದನ್ನೇ ಅಂದರು.

ಇದು ನಾನು ಕಣ್ಣಾರೆ ಕಂಡದ್ದು. ಯಾರು ಕೇಳಿದರೂ ಈ ಕಾಗದ ತೋರಿಸಿ.

ಇಂತಿ ನಿಮ್ಮ ವಿಧೇಯ,
ಚನ್ನಪ್ಪ
ನಿವೃತ್ತ ಹೆಡ್ ಕಾನ್ಸ್‌ಟೇಬಲ್